ಗಿಣಿ ತೆರೆದ ಬಾಗಿಲು

ಮೂರು ಬೀದಿ ಆಚೆ ಇರುವೆಯೊಂದು ಕಣ್ಣು ಹೊಡೆದರೆ, ಹೊಡೆದದ್ದು ಎಡಗಣ್ಣೋ ಬಲಗಣ್ಣೋ ಎಂದು ಕೂತಲ್ಲಿಂದಲೇ ಹೇಳಬಲ್ಲವನು ನಾನು. ಒಮ್ಮೆ ಹೇಳಿಯೂ ಇದ್ದೇನೆ. ಆ ಇರುವೆ ನಾಚಿಕೊಂಡು ಊರು ಬಿಟ್ಟಿತು.

ಅಂಥ ನನ್ನ ಕಣ್ಣೆದುರಿಗೇ, ನಮ್ಮ ದೊಡ್ಡಮ್ಮನ ನಡುಮನೆಯಲ್ಲಿ, ದೊಡ್ಡಮ್ಮನದೇ ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಕೆಂಪು ಟೈ ಕಟ್ಟಿದ ಒಬ್ಬ ಮನುಷ್ಯ ಹೇಳುತ್ತಿದ್ದ:

"ನೋಡಿ ಅಮ್ಮಾ, ಬಾಗಿಲು ತೆಗಿ ಅಂತ ಹೇಳಿರೋದು ನಿಮ್ಮದೇ ದನಿ. ನಮ್ಮ ಆ್ಯಪ್ ಸುಳ್ಳು ಹೇಳಲ್ಲ. ಮನುಷ್ಯರು ಹೇಳ್ತಾರೆ."

ಕೊನೆಯ ಮಾತನ್ನು ಅವನು ಬಾಗಿಲ ಪಕ್ಕ ನಿಂತಿದ್ದ ನರ್ಸಕ್ಕನ ಮುಖ ನೋಡಿ ಹೇಳಿದ.

ನನ್ನ ಮೈಯ ರಕ್ತ ಹೇಗೆ ಕುದಿಯಿತೆಂದರೆ ಆ ಕಾವಿಗೆ ಗೋಡೆಯ ಸುಣ್ಣ ಚಕ್ಕೆಚಕ್ಕೆಯಾಗಿ ಎದ್ದುಬಂತು. ಅದು ಮೊದಲೇ ಎದ್ದಿತ್ತು ಎಂದು ದೊಡ್ಡಮ್ಮ ಆಮೇಲೆ ಹೇಳಿದಳು. ಇರಲಿ, ಅವಳಿಗೆ ಕಣ್ಣು ಮಂಜು.

ಸಂಗತಿ ಇಷ್ಟೇ: ಮೊನ್ನೆ ಹಾಡಹಗಲಲ್ಲಿ ದೊಡ್ಡಮ್ಮ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳ ಪಿಟೀಲು ಮಾಯವಾಗಿತ್ತು; ಬೀಗ ಮುರಿದಿರಲಿಲ್ಲ, ಬಾಗಿಲು ಹಾರುಹೊಡೆದಿತ್ತು.

ಪಿಟೀಲೆಂದರೆ ಗೋಡೆಗೆ ನೇತುಹಾಕಿದ ಅಲಂಕಾರವಲ್ಲ. ನಾಟಕದ ಕಂಪನಿಯಲ್ಲಿ ರಂಗದ ಕೆಳಗಿನ ಗುಂಡಿಯಲ್ಲಿ ಕೂತು ವರ್ಷಗಟ್ಟಲೆ ನುಡಿಸಿದವಳು ದೊಡ್ಡಮ್ಮ. ಕಣ್ಣು ಮಂಜಾದ ಮೇಲೆ ಅವಳಿಗೆ ಜಗತ್ತಿನಲ್ಲಿ ಸ್ಪಷ್ಟವಾಗಿ ಉಳಿದದ್ದು ಆ ನಾಲ್ಕು ತಂತಿ ಮಾತ್ರ. ಸಂಜೆಯಾದರೆ ನುಡಿಸಲೇಬೇಕು. ಈಗಲೂ ಸಂಜೆ ಅದೇ ಜಾಗದಲ್ಲಿ ಕೂರುತ್ತಾಳೆ. ಗದ್ದ ತಾನಾಗಿ ಎಡಭುಜದ ಕಡೆ ವಾಲುತ್ತದೆ. ಅಲ್ಲಿ ಏನೂ ಇರುವುದಿಲ್ಲ. ನಿನ್ನೆ ಅದನ್ನು ನೋಡಿ ನಾನು ಅತ್ತ ಅಳುವಿಗೆ ಬೀದಿಯ ಚರಂಡಿ ಉಕ್ಕಿತು.

ಕಳ್ಳನದೂ ವಿಚಿತ್ರ ಬುದ್ಧಿ. ಪೆಟ್ಟಿಗೆ ಸಮೇತ ಪಿಟೀಲು ಒಯ್ದವನು, ಅದೇ ಪೆಟ್ಟಿಗೆಯ ಮುಚ್ಚಳದಲ್ಲಿ ಸಿಕ್ಕಿಸಿದ್ದ ಕಮಾನನ್ನು ಹೊರತೆಗೆದು, ಮೇಜಿನ ಮೇಲೆ ನೀಟಾಗಿ ಮಲಗಿಸಿ ಹೋಗಿದ್ದ. ಪಕ್ಕದಲ್ಲೇ ಇದ್ದ ದೊಡ್ಡಮ್ಮನ ಬಳೆಗಳನ್ನು ಮುಟ್ಟಿರಲಿಲ್ಲ.

"ಕಳ್ಳನಿಗೆ ಒಂದೇ ಕೈ. ಎರಡು ವಸ್ತು ಹಿಡಿಯಕ್ಕಾಗಿಲ್ಲ," ಎಂದು ನಾನು ಅಂದೇ ತೀರ್ಪು ಕೊಟ್ಟಿದ್ದೆ.

"ಒಂದೇ ಕೈಯವನು ಪೆಟ್ಟಿಗೆ ಬಿಚ್ಚಿ, ಕಮಾನು ತೆಗೆದು, ಮತ್ತೆ ಮುಚ್ಚಿ ಕೊಂಡಿ ಹಾಕೋ ತಾಪತ್ರಯ ಯಾಕೆ ಪಡ್ತಾನೋ ಬಡಾಯಿ?" ಎಂದು ದೊಡ್ಡಮ್ಮ ಕೇಳಿದ್ದಳು.

ಬಡಾಯಿ ಎಂದು ನನ್ನನ್ನು ಕರೆಯುವವರು ಹೊಟ್ಟೆಕಿಚ್ಚಿನ ಜನ. ನನ್ನ ಅಂಗಡಿಯ ಬೋರ್ಡಿನ ಮೇಲೆ ‘ಪತ್ತೇದಾರ’ ಎಂದೇ ಇದೆ. ಅದರ ಕೆಳಗೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ, ‘ಮೊಬೈಲ್ ರಿಪೇರಿ ಮಾಡಲಾಗುವುದು’ ಎಂದೂ ಇದೆ.

*

ಈಗ ನಡುಮನೆಗೆ ಬನ್ನಿ. ಬೆತ್ತದ ಕುರ್ಚಿಯಲ್ಲಿ ಟೈ. ಇವನು ‘ಕಾವಲು’ ಎಂಬ ಬೀಗದ ಕಂಪನಿಯ ಮ್ಯಾನೇಜರು. ಅವನ ಪಕ್ಕದ ಸ್ಟೂಲಿನ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮುಖದ ಅರ್ಧದಷ್ಟಗಲ ಕನ್ನಡಕ ಹಾಕಿದ ಹೆಂಗಸು. ಆ ಬೀಗದ ಆ್ಯಪ್ ಬರೆದವಳು ಇವಳೇ. ಅವಳನ್ನು ಕನ್ನಡಕ ಎಂದೇ ಕರೆಯೋಣ. ಮಂಚದ ತುದಿಯಲ್ಲಿ ದೊಡ್ಡಮ್ಮ. ಕಿಟಕಿಯ ಬಳಿ ಠಾಣೆಯಿಂದ ಬಂದ ಮುಖ್ಯಪೇದೆ ಮೀಸೆ. ನಿನ್ನೆಯಷ್ಟೇ ಕತ್ತರಿ ಆಡಿಸಿಕೊಂಡು ಎಣ್ಣೆ ಹಚ್ಚಿದ ಆ ಮೀಸೆಯ ಒಂದೊಂದು ತುದಿಗೂ ಒಂದೊಂದು ಬಕೆಟ್ ನೇತುಹಾಕಬಹುದಿತ್ತು.

ಬಾಗಿಲ ಪಕ್ಕ ನರ್ಸಕ್ಕ. ಅವಳ ಕಾಲ ಬಳಿ ಅವಳ ಬಟ್ಟೆಯ ಚೀಲ. ಬೆಳಿಗ್ಗೆಯೇ ಕಟ್ಟಿಟ್ಟಿದ್ದಳು.

ದೊಡ್ಡಮ್ಮ ಬಿದ್ದು ಸೊಂಟ ಮುರಿದುಕೊಂಡಾಗ ಒಂದು ತಿಂಗಳ ಮಟ್ಟಿಗೆಂದು ಬಂದವಳು ನರ್ಸಕ್ಕ. ಸೊಂಟ ನೆಟ್ಟಗಾಯಿತು, ಅವಳು ಹೋಗಲಿಲ್ಲ. ದೊಡ್ಡಮ್ಮ ಬಿಡಲೂ ಇಲ್ಲ. ಈಗ ಮೀಸೆ ಅವಳನ್ನು ಠಾಣೆಗೆ ಕರೆದೊಯ್ಯಲು ಬಂದಿದ್ದ. ಕಂಪನಿಯವರು ಬಾಯಿಬಿಟ್ಟು ಒಂದು ಮಾತು ಹೇಳಿದರೆ ಸಾಕು, ಹೊರಡುವುದೇ.

"ದನಿ ಅಮ್ಮನದು. ಅಮ್ಮ ಆ ಹೊತ್ತಲ್ಲಿ ಬಚ್ಚಲಲ್ಲಿ," ಎಂದು ಟೈ ಬೆರಳು ಮಡಚತೊಡಗಿದ. "ಅಂದ್ಮೇಲೆ ಯಾರೋ ಅಮ್ಮನ ದನೀನ ರೆಕಾರ್ಡ್ ಮಾಡಿ ಕೇಳಿಸಿದ್ದಾರೆ. ಅಮ್ಮನ ದನಿ ಯಾರ ಫೋನಲ್ಲಿದೆ? ಇವರ ಫೋನಲ್ಲಿದೆ. ಪೊಲೀಸ್‌ನೋರೇ ನೋಡಿದ್ದಾರೆ."

"ಇದೆ," ಎಂದಳು ನರ್ಸಕ್ಕ. "ಅಮ್ಮ ಹೇಳೋ ಕತೆಗಳಿದಾವೆ. ನನ್ನ ಮಗಳು ಅದನ್ನ ಕೇಳದೆ ಮಲಗಲ್ಲ. ನಾನು ಇಲ್ಲೇ ಉಳಿಯೋ ದಿನ ಅವಳಿಗೆ ಅದೇ ಜೋಗುಳ."

"ಕತೆ!" ಎಂದು ಟೈ ನಕ್ಕ.

"ಯಾಕಪ್ಪಾ, ನಗು ಬಂತಾ?" ದೊಡ್ಡಮ್ಮ ಅವನು ಕೂತಿದ್ದ ಕಡೆಗೆ ಮುಖ ತಿರುಗಿಸಿದಳು. "ಆ ಕತೇಲಿ ಒಂದು ಕೋತಿ ಬರತ್ತೆ. ಕೊರಳಿಗೆ ಪಟ್ಟಿ ಕಟ್ಟಿಕೊಂಡಿರತ್ತೆ. ಕೇಳಿಸ್ಲಾ?"

ಮೀಸೆ ಕೆಮ್ಮಿದ. ಟೈ ತನ್ನ ಟೈ ಮುಟ್ಟಿ ನೋಡಿಕೊಂಡ.

ನರ್ಸಕ್ಕ ಮಾತ್ರ ನಗಲಿಲ್ಲ. "ಅಮ್ಮಾ, ಬಿಡಿ. ಪಿಟೀಲು ಇವತ್ತಲ್ಲ ನಾಳೆ ಸಿಕ್ಕೀತು. ಕಳ್ಳಿ ಅನ್ನೋ ಹೆಸರು ಒಂದ್ಸಲ ಅಂಟಿದ್ರೆ, ನಾಳೆ ಯಾವ ಮನೇಲಿ ನನ್ನ ಕೈಗೆ ರೋಗಿ ಕೈ ಕೊಡ್ತಾರೆ? ನಾನು ಮುಟ್ಟೋದಲ್ವಾ ಕೆಲಸ? ಮುಟ್ಟೋ ಕೈ ಮೇಲೇ ಅನುಮಾನ ಬಂದ್ರೆ ಮುಗೀತು."

ಆ ಮಾತು ಕೇಳಿ ನಾನು ಎದ್ದು ನಿಂತೆ. ನಾನು ಎದ್ದು ನಿಂತರೆ ಸಾಮಾನ್ಯವಾಗಿ ಸೂರು ಒಂದಡಿ ಮೇಲೆ ಸರಿದುಕೊಳ್ಳುತ್ತದೆ.

"ಏನ್ರೀ ಮ್ಯಾನೇಜರೇ, ದೊಡ್ಡಮ್ಮನ ದನಿ ಅಂತ ನಿಮಗೆ ಹೇಳ್ದೋರು ಯಾರು?"

"ಆ್ಯಪ್ ಹೇಳತ್ತೆ ಸ್ವಾಮಿ."

"ಎಲ್ಲಿ, ಹೇಳಿಸಿ."

ಕನ್ನಡಕ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಇದ್ದದ್ದು ಒಂದೇ ಸಾಲು: ಮಾಲೀಕರ ಆದೇಶದಂತೆ ಬಾಗಿಲು ತೆರೆಯಲಾಗಿದೆ.

"ಇದರಲ್ಲಿ ದನಿ ಅನ್ನೋ ಅಕ್ಷರ ಎಲ್ಲಿದೆ? ನನ್ನ ಕಣ್ಣಿಗೆ ಕಾಣದಿರೋ ಅಕ್ಷರ ಭೂಮಿ ಮೇಲೆ ಇಲ್ಲ."

"ದನಿ ಅಂತ ಇಲ್ಲ," ಎಂದಳು ಕನ್ನಡಕ, ಮೆಲ್ಲಗೆ. "ಮಾಲೀಕರ ಫೋನಿಂದ ಬಂದದ್ದನ್ನೆಲ್ಲ ಮಾಲೀಕರ ಆದೇಶ ಅಂತಾನೇ ತೋರಿಸ್ತೀವಿ."

"ಅಂದ್ರೆ ಯಾರ ದನಿ ಅಂತ ನಿಮಗೆ ಗೊತ್ತಿಲ್ಲ?"

ಕನ್ನಡಕ ಟೈ ಕಡೆ ನೋಡಿದಳು. ಟೈ ಸೂರು ನೋಡಿದ.

*

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಜಗತ್ತಿನಲ್ಲಿ ಇದನ್ನು ಬಿಡಿಸಿ ಹೇಳಬಲ್ಲವರು ಇಬ್ಬರೇ ಇದ್ದೆವು, ಇನ್ನೊಬ್ಬ ತೀರಿಕೊಂಡ.

ಗಿಣಿ ಎಂದರೆ ದೊಡ್ಡಮ್ಮನ ಫೋನಿನೊಳಗಿರುವ ಮಾತಿನ ಸಹಾಯಕಿ. ಹೆಸರು ಹಿಡಿದು ಕರೆದರೆ ಓ ಎನ್ನುತ್ತಾಳೆ, ಹೊತ್ತು ಎಷ್ಟಾಯಿತು ಹೇಳುತ್ತಾಳೆ, ಹೇಳಿದವರಿಗೆ ಕರೆ ಹಚ್ಚಿಕೊಡುತ್ತಾಳೆ. ಆದರೆ ಬಾಗಿಲು ತೆರೆಯಲು ಅವಳಿಗೆ ಬಾರದು. ಬಾಗಿಲು ತೆರೆಯುವುದು ಕಾವಲು ಆ್ಯಪ್‌ನ ಕೆಲಸ. ಅದಕ್ಕೆ ಮಾತು ಕೇಳಿಸದು. ಗಿಣಿಗೆ ಕಿವಿಯುಂಟು, ಕೈಯಿಲ್ಲ. ಕಾವಲಿಗೆ ಕೈಯುಂಟು, ಕಿವಿಯಿಲ್ಲ. ಇವರಿಬ್ಬರಿಗೂ ಸಂಬಂಧ ಕುದುರಿಸಿ ಒಂದು ಸಂಸಾರ ಹೂಡಿಸುವುದು ಕನ್ನಡಕದಂಥವರ ಕಸುಬು.

ಸಂಬಂಧ ಕುದುರಿತೆನ್ನಿ. ಆಮೇಲೆ ಮನೆಯವರು ತಮಗಿಷ್ಟ ಬಂದ ಒಂದು ಮಾತನ್ನು ಆರಿಸಿ ಗಿಣಿಗೆ ಕಲಿಸಬೇಕು. ಆ ಮಾತು ಕಿವಿಗೆ ಬಿದ್ದೊಡನೆ ಗಿಣಿ ಕಾವಲಿಗೆ ಹೇಳುತ್ತಾಳೆ, ಬೀಗ ತೆರೆಯುತ್ತದೆ. ಎದ್ದು ಹೋಗಿ ತಡಕಾಡಿ ಚಿಲಕ ಹುಡುಕುವ ಕಷ್ಟ ದೊಡ್ಡಮ್ಮನಿಗೆ ತಪ್ಪಲೆಂದು ಇದನ್ನೆಲ್ಲ ಹೊಂದಿಸಿಕೊಟ್ಟವನು ನಾನೇ. ಆ ಗುಟ್ಟಿನ ಮಾತು ಆರಿಸಿದವನೂ ನಾನೇ. ಅದೇನೆಂದು ನಿಮಗೂ ಹೇಳುವುದಿಲ್ಲ. ಗುಟ್ಟು ಗುಟ್ಟೇ. ನನ್ನ ಬಾಯಿ ಎಂದರೆ ಏಳು ಬೀಗದ ಪೆಟ್ಟಿಗೆ.

ಯಾಕೋ ಆಗ ನಾನು ಹೆಗಲು ಸವರಿಕೊಂಡೆ.

"ಮೀಸೆ ಸಾಹೇಬ್ರೇ, ಏಳಿ," ಎಂದೆ. "ಬೀದಿಗೆ ಹೋಗಿ, ಈ ಕಿಟಕಿ ಆಚೆ ನಿಂತ್ಕೊಂಡು, ನಿಮ್ಮ ದನಿಯಲ್ಲೇ ಗಿಣಿಗೆ ಬಾಗಿಲು ತೆಗಿ ಅನ್ನಿ. ನರ್ಸಕ್ಕಾ, ಬಾಗಿಲು ಹಾಕಿ. ದೊಡ್ಡಮ್ಮನ ಫೋನು ಯಾವಾಗ್ಲೂ ಎಲ್ಲಿರತ್ತೋ ಅಲ್ಲೇ ಇಡಿ. ಸ್ಕ್ರೀನ್ ಲಾಕ್ ಆಗಿರ್ಲಿ. ಯಾರೂ ಮುಟ್ಟಬಾರ್ದು."

ಫೋನು ಯಾವಾಗಲೂ ಇರುತ್ತಿದ್ದದ್ದು ಬೀದಿ ಕಡೆಯ ಕಿಟಕಿಯ ಹಲಗೆಯ ಮೇಲೆ. ಚಾರ್ಜಿಗೆ ಹಾಕುವ ಪಾಯಿಂಟು ಅಲ್ಲೇ ಇದೆ. ಕಿಟಕಿಗೆ ಕಬ್ಬಿಣದ ಸರಳು. ಕೈ ತೂರದು, ಮಾತು ತೂರುತ್ತದೆ.

"ಇದೆಲ್ಲ ನಾಟಕ," ಎಂದ ಟೈ. "ಬೇರೆಯೋರ ದನಿಗೆಲ್ಲ ಅದು ಬಗ್ಗಲ್ಲ."

ಹೊರಗೆ ಬೂಟಿನ ಸಪ್ಪಳ. ಸರಳುಗಳ ನಡುವೆ ಮೀಸೆಯ ಎರಡು ತುದಿ ಕಾಣಿಸಿದವು. ಗಂಟಲು ಸರಿಮಾಡಿಕೊಂಡ. ಮೂರು ಪ್ಯಾಕೆಟ್ ಬೀಡಿಯ ದನಿಯಲ್ಲಿ ಹೇಳಿದ:

"ಗಿಣೀ, ದೊರೆ ಬಂದಿದ್ದಾರೆ, ದಾರಿ ಬಿಡು."

ಕಟಕ್.

"ಬಾಗಿಲು ತೆರೆದಿದೆ. ಶುಭದಿನ," ಎಂದಳು ಗಿಣಿ, ಜೇನಿನಂಥ ದನಿಯಲ್ಲಿ.

ಬಾಗಿಲು ತಾನಾಗಿ ಒಂದು ಗೇಣು ಒಳಸರಿಯಿತು. ಬೀದಿಯ ಬಿಸಿಲು ಒಂದು ಪಟ್ಟಿಯಾಗಿ ಒಳಗೆ ಬಂದು ನರ್ಸಕ್ಕನ ಚೀಲದ ಮೇಲೆ ಬಿತ್ತು.

ಮೀಸೆ ಒಳಗೆ ಬಂದು ಬಾಗಿಲನ್ನೊಮ್ಮೆ, ತನ್ನ ಗಂಟಲನ್ನೊಮ್ಮೆ ಮುಟ್ಟಿ ನೋಡಿಕೊಂಡ.

"ನಮ್ಮ ಮನೆ ಬಾಗಿಲು ನನ್ನ ಹೆಂಡತಿ ದನಿಗೂ ಇಷ್ಟು ಬೇಗ ತೆಗಿಯಲ್ಲ," ಎಂದ.

*

"ಇದೇನಮ್ಮಾ?" ದೊಡ್ಡಮ್ಮ ಕೇಳಿದ್ದು ಟೈಯನ್ನಲ್ಲ, ಕನ್ನಡಕವನ್ನು. "ನನ್ನ ಮನೆ ಬಾಗಿಲು ಬೀದಿಯೋರಿಗೆಲ್ಲ ಸಲಾಮು ಹೊಡೆಯತ್ತಾ?"

ಕನ್ನಡಕ ಲ್ಯಾಪ್‌ಟಾಪ್ ಮುಚ್ಚಿದಳು. ಮತ್ತೆ ತೆರೆದಳು.

"ಎರಡು ಕಟ್ಟುಪಾಡು ಇಟ್ಟಿದ್ದೆ ಅಮ್ಮಾ. ಫೋನಿನ ಲಾಕ್ ತೆಗೆದಿದ್ರೆ ಮಾತ್ರ ಗಿಣಿ ಬಾಗಿಲಿನ ಮಾತು ಕೇಳ್ಬೇಕು. ಕೇಳಿದ ಮೇಲೂ ‘ತೆರೆಯಲೇ?’ ಅಂತ ಒಂದು ಪ್ರಶ್ನೆ ಹಾಕ್ಬೇಕು, ಹೌದು ಅಂದ್ಮೇಲೇ ತೆರೀಬೇಕು. ಬೀಗದ ಆ್ಯಪನ್ನ ಯಾವ ಸಹಾಯಕಿಗೆ ಜೋಡಿಸಿದ್ರೂ ಮೊದಲು ಮಾಡೋ ಕೆಲಸ ಅದು."

"ಮತ್ತೆ?"

"ಆ್ಯಪ್ ಬಿಡುಗಡೆ ದಿನ ವೇದಿಕೆ ಮೇಲೆ ತೋರಿಸ್ಬೇಕಿತ್ತು. ಸರ್ ಮಾತು ಹೇಳಿದ ತಕ್ಷಣ ಬಾಗಿಲು ತೆರೀಬೇಕು, ಜನ ಚಪ್ಪಾಳೆ ಹೊಡೀಬೇಕು. ನಡುವೆ ಪ್ರಶ್ನೆ ಬಂದ್ರೆ ಚಪ್ಪಾಳೆ ಕೆಡತ್ತೆ ಅಂದ್ರು. ಎರಡನ್ನೂ ತೆಗೆದೆ. ವೇದಿಕೆಯಿಂದ ಇಳಿದ ಮೇಲೆ ವಾಪಸ್ ಹಾಕ್ತೀನಿ ಅಂದೆ. ‘ಚೆನ್ನಾಗಿದೆ, ಹಾಗೇ ಇರ್ಲಿ’ ಅಂದ್ರು."

"ಅದು ಗ್ರಾಹಕರ ಅನುಕೂಲಕ್ಕೆ!" ಟೈ ಎದ್ದು ನಿಂತ. "ಹೆಜ್ಜೆಹೆಜ್ಜೆಗೂ ಪ್ರಶ್ನೆ ಕೇಳಿದ್ರೆ ಜನಕ್ಕೆ ಬೇಜಾರು. ಎಲ್ಲಾ ಕಂಪನಿಗಳೂ ಹೀಗೇ..."

"ಕೂತ್ಕೋ!" ಎಂದಳು ದೊಡ್ಡಮ್ಮ.

ಅವನು ಕೂತ. ಆ ದನಿ ರಂಗದ ಗುಂಡಿಯಿಂದ ಗ್ಯಾಲರಿಯ ಕೊನೆಯ ಸಾಲಿನವರೆಗೆ ಹೋಗಿ ಅಭ್ಯಾಸವಿದ್ದ ದನಿ.

"ಕಾವಲು ಅಂತ ಹೆಸರಿಟ್ಕೊಂಡು ಬೇಲಿಯೇ ಎದ್ದು ಹೊಲ ಮೇಯ್ತು. ಅದನ್ನ ಮುಚ್ಚಿಡಕ್ಕೆ ನನ್ನ ಮನೆಗೆ ಬಂದು, ನನ್ನ ಕುರ್ಚೀಲೇ ಕೂತು, ನನ್ನ ದನಿ ಅಂತ ನನಗೇ ಹೇಳ್ತೀಯಾ? ನನ್ನ ಹುಡುಗೀನ ಕಳ್ಳಿ ಅಂತೀಯಾ? ನಿನಗೆ ಬೇಕಾಗಿದ್ದು ಚಪ್ಪಾಳೆ. ತಗೋ!"

ಎಂದು ದೊಡ್ಡಮ್ಮ ನಿಜಕ್ಕೂ ಚಪ್ಪಾಳೆ ತಟ್ಟಿದಳು. ನಿಧಾನವಾಗಿ, ಜೋರಾಗಿ. ಆ ಶಬ್ದಕ್ಕೆ ಊರಿನ ಎಲ್ಲಾ ಪಾರಿವಾಳಗಳೂ ಒಟ್ಟಿಗೆ ಹಾರಿದವು ಎಂದು ಹೇಳಬಹುದಿತ್ತು. ಹೇಳುವುದಿಲ್ಲ, ಒಂದೂ ಹಾರಲಿಲ್ಲ.

ಕನ್ನಡಕ ಆಗಲೇ ಟಕಟಕನೆ ಏನೋ ಒತ್ತುತ್ತಿದ್ದಳು.

"ಏನ್ ಮಾಡ್ತಿದ್ದೀಯ?" ಎಂದ ಟೈ.

"ಪ್ರಶ್ನೆ ವಾಪಸ್ ಹಾಕ್ತಿದ್ದೀನಿ ಸರ್. ಎಲ್ಲಾ ಮನೆಗೂ."

"ನನ್ನ ಒಪ್ಪಿಗೆ ಇಲ್ಲದೆ?"

"ತೆಗೆಯೋವಾಗ ಅವರ ಒಪ್ಪಿಗೆ ಕೇಳಿದ್ವಾ?"

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆದರೂ ಹಾಕಿದಳಲ್ಲ.

*

ಗೆದ್ದೆ ಎಂದುಕೊಂಡು ನಾನು ಕೊರಳಪಟ್ಟಿ ಮೇಲೆತ್ತಿದೆ. ಅಷ್ಟರಲ್ಲಿ ಟೈ ಮುಖದ ಬೆವರು ಒರೆಸಿಕೊಂಡ. ಬೆವರಿನ ಜೊತೆ ಹೆದರಿಕೆಯನ್ನೂ ಒರೆಸಿಕೊಂಡನೋ ಏನೋ, ತಣ್ಣಗೆ ಹೇಳಿದ:

"ಸರಿ. ದನಿ ಯಾರದ್ದಾದ್ರೂ ಆಗ್ಲಿ. ಮಾತು? ಆ ಮಾತು ಗೊತ್ತಿಲ್ದೆ ಬಾಗಿಲು ತೆರೆಯಲ್ಲ. ಅದು ಗೊತ್ತಿದ್ದೋರು ಯಾರು?"

"ನನಗೆ ಗೊತ್ತು," ಎಂದಳು ದೊಡ್ಡಮ್ಮ.

"ನನಗೆ ಗೊತ್ತು," ಎಂದಳು ನರ್ಸಕ್ಕ.

"ಸೃಷ್ಟಿಸಿದವನಿಗೆ ಗೊತ್ತಿಲ್ದೆ ಇರತ್ತಾ?" ಎಂದೆ ನಾನು.

"ಮೂರೇ ಜನ. ಅಮ್ಮ ಹೇಳಲ್ಲ. ನೀವು ಏಳು ಬೀಗದ ಪೆಟ್ಟಿಗೆ, ಬಂದಾಗಿನಿಂದ ಕೇಳ್ತಾನೇ ಇದ್ದೀನಿ. ಉಳಿದೋರು?"

ನರ್ಸಕ್ಕ ಹಿತ್ತಿಲ ಕಡೆ ಕೈ ತೋರಿಸಿದಳು.

"ನಾನು ಆಗ ಹಿತ್ತಿಲಲ್ಲಿ ಹಾಸಿಗೆ ಬಟ್ಟೆ ಒಣಗಿಸ್ತಿದ್ದೆ. ಮನೆ ಒಳಗೇ ಓಡಾಡೋಳು ನಾನು. ಬಾಗಿಲು ತೆಗಿಯಕ್ಕೆ ನನಗೆ ಚಿಲಕ ಇರ್ಲಿಲ್ವಾ? ಗಿಣಿ ಯಾಕೆ?"

"ನೀವು ತೆಗೀಲಿಲ್ಲಮ್ಮಾ. ಹೊರಗಿನೋರಿಗೆ ಮಾತು ಹೇಳ್ಕೊಟ್ರಿ. ಅವರು ತೆಗೆದ್ರು."

"ಆ ಮಾತನ್ನ ನಾನು ನಮ್ಮಮ್ಮನಿಗೂ ಹೇಳಿಲ್ಲ. ಬಾಗಿಲ ಮುಂದೆ ನಿಂತು ದೊರೆ ಬಂದಿದ್ದಾರೆ ಅನ್ನಕ್ಕೆ ನನಗೇ ನಾಚಿಕೆ. ತರಕಾರಿ ತಂದು ಕೈ ತುಂಬಿದ್ರೂ ಗಿಣೀನ ಕರೆಯಲ್ಲ, ಚೀಲ ಕೆಳಗಿಟ್ಟು ಬೀಗದ ಕೈ ಹಾಕ್ತೀನಿ."

"ನಾಚಿಕೆ ಬಗ್ಗೆ ಠಾಣೇಲಿ ಹೇಳಿ," ಎಂದ ಟೈ. ಮೀಸೆ ಒಲ್ಲದ ಮನಸ್ಸಿನಿಂದ ಟೊಪ್ಪಿ ಕೈಗೆತ್ತಿಕೊಂಡ. ನರ್ಸಕ್ಕ ಬಗ್ಗಿ ಚೀಲದ ಹಿಡಿ ಹಿಡಿದಳು.

ನಾನು ಬಾಯಿ ತೆರೆದೆ. ಏನಾದರೂ ದೊಡ್ಡದು ಹೇಳಬೇಕೆಂದಿದ್ದೆ.

"ಒಂದು ನಿಮಿಷ," ಎಂದಳು ದೊಡ್ಡಮ್ಮ.

ಅವಳ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಅದು ಅವಳು ತಪ್ಪಿದ ಸ್ವರ ಹಿಡಿಯುವಾಗಿನ ಭಂಗಿ.

"ಮೀಸೆಯಪ್ಪಾ, ನೀನು ಕಿಟಕಿ ಆಚೆ ನಿಂತು ಆ ಮಾತು ಹೇಳ್ದೆಯಲ್ಲ. ಒಂದಕ್ಷರ ತಪ್ಪಿಲ್ದೆ."

"ಹೌದಮ್ಮಾ."

"ನಮ್ಮ ಬಡಾಯಿ ನಿನಗೆ ‘ಬಾಗಿಲು ತೆಗಿ ಅನ್ನು’ ಅಂತ ಮಾತ್ರ ಹೇಳಿ ಕಳಿಸಿದ. ಆ ಮಾತು ಏನು ಅಂತ ಹೇಳಿಕೊಡ್ಲೇ ಇಲ್ಲ. ಈ ಮನೇಲಿ ಅಲ್ಲೀವರೆಗೆ ಯಾರೂ ಅದನ್ನ ಬಾಯಿ ಬಿಟ್ಟಿರ್ಲಿಲ್ಲ. ನಿನಗೆ ಯಾರು ಹೇಳ್ದೋರು?"

ಮೀಸೆಯ ಕೈಯಲ್ಲಿದ್ದ ಟೊಪ್ಪಿ ಅಲ್ಲೇ ನಿಂತಿತು.

ನಾನು ಎರಡೂ ಹೆಗಲು ಸವರಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ವಂಶ ನಮ್ಮದು.

"ಅದೇನಮ್ಮಾ, ಎಲ್ರಿಗೂ ಗೊತ್ತಲ್ಲ," ಎಂದ ಮೀಸೆ, ನಿಜವಾದ ಆಶ್ಚರ್ಯದಿಂದ. "ನಿನ್ನೆ ಮೀಸೆ ಕತ್ತರಿಸ್ಕೊಳಕ್ಕೆ ಕ್ಷೌರದ ಅಂಗಡಿಗೆ ಹೋಗಿದ್ದೆ. ಅಲ್ಲಿ ಕ್ಷೌರಿಕ ಗಿರಾಕಿ ಬಂದು ಕೂತಾಗೆಲ್ಲ ಅದನ್ನೇ ಹೇಳ್ತಾನೆ. ‘ದೊರೆ ಬಂದಿದ್ದಾರೆ, ದಾರಿ ಬಿಡು’ ಅಂತಾನೆ, ಕುರ್ಚಿ ತಿರುಗಿಸ್ತಾನೆ. ಅಂಗಡಿ ಪೂರ್ತಿ ನಗತ್ತೆ. ಬಾಗಿಲಿಗೆ ಕಲಿಸಿರೋ ಮಾತಂತೆ, ಅದಕ್ಕೇ ನಾನೂ ಅದನ್ನೇ ಅಂದೆ. ಯಾರೋ ಮಹಾನುಭಾವ ಬಂದು ಹೇಳಿದ್ನಂತೆ."

ಎಲ್ಲರೂ ಮಹಾನುಭಾವನ ಕಡೆ ತಿರುಗಿದರು. ಕಣ್ಣು ಮಂಜಾದವಳೂ ತಿರುಗಿದಳು. ಅವಳ ನೋಟವೇ ಎಲ್ಲಕ್ಕಿಂತ ನೇರವಾಗಿತ್ತು.

"ಲೋ," ಎಂದಳು. ಅಷ್ಟೇ.

*

ನಾನು ಹೇಳಿದೆ. ಹೇಳುವಾಗ ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಇಲ್ಲ, ಉಪಮೆ ಬೇಡ. ಸಣ್ಣದಾಗಿತ್ತು.

ಪಿಟೀಲು ಕಳುವಾಗುವ ಹಿಂದಿನ ದಿನ ಕ್ಷೌರಕ್ಕೆ ಹೋಗಿದ್ದೆ. ಅಂಗಡಿ ತುಂಬಿತ್ತು. ಯಾರೋ ತಮ್ಮ ಹೊಸ ಕಾರು ಮಾತು ಕೇಳುತ್ತದೆ ಎಂದರು. ಕಾರೇನು ಮಹಾ, ನಾನು ಬಾಗಿಲಿಗೇ ಬುದ್ಧಿ ಕಲಿಸಿದವನು ಎಂದೆ. ನಮ್ಮ ದೊಡ್ಡಮ್ಮನ ಮನೆ ಬಾಗಿಲು ನನ್ನನ್ನು ದೊರೆ ಎಂದು ಕರೆದಮೇಲೇ ತೆರೆಯುವುದು ಎಂದೆ. ಸುಳ್ಳು ಎಂದರು. ಸುಳ್ಳು ಎಂದರೆ ನನಗೆ ತಡೆಯದು. ಯಾಕೆಂದರೆ ಸಾಮಾನ್ಯವಾಗಿ ಅದು ಸುಳ್ಳೇ ಆಗಿರುತ್ತದೆ. ಅವತ್ತು, ಬಾಳಿನಲ್ಲಿ ಅಪರೂಪಕ್ಕೆ, ನಿಜ ಹೇಳುತ್ತಿದ್ದೆ. ಆದ್ದರಿಂದ ಅಕ್ಷರ ಬಿಡದೆ ಹೇಳಿದೆ. ನಟಿಸಿಯೂ ತೋರಿಸಿದೆ.

"ಆ ಮಾತು ನನ್ನಿಂದ ಹೋಯ್ತು ದೊಡ್ಡಮ್ಮಾ. ನರ್ಸಕ್ಕನಿಂದಲ್ಲ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಚಿಕ್ಕಂದಿನಲ್ಲಿ ನನಗೆ ಕಲಿಸಿದವಳೇ ಅವಳು. ಅದನ್ನು ಅವಳು ಈಗ ನೆನಪಿಸಲಿಲ್ಲ.

"ಚೀಲ ಒಳಗಿಡಮ್ಮಾ," ಎಂದ ಮೀಸೆ ನರ್ಸಕ್ಕನಿಗೆ. ಆಮೇಲೆ ಟೈ ಕಡೆ ತಿರುಗಿ, "ನೀವು ಮಾತ್ರ ಸಂಜೆ ಠಾಣೆಗೆ ಬನ್ನಿ. ದಾರಿ ಬಿಡ್ತೀವಿ," ಎಂದ.

ನರ್ಸಕ್ಕ ಚೀಲ ಎತ್ತಲಿಲ್ಲ. ನೆಟ್ಟಗೆ ನನ್ನ ಮುಂದೆ ಬಂದು ನಿಂತಳು.

"ಪತ್ತೇದಾರಣ್ಣಾ, ನಿಮಗೆ ಇದು ಮೊನ್ನೆಯಿಂದಲೂ ಗೊತ್ತಿತ್ತು?"

"ಅನುಮಾನ... ಇತ್ತು."

"ನಿನ್ನೆ ಎದುರುಮನೆಯೋರು ನನ್ನ ನೋಡಿ ಕಿಟಕಿ ಹಾಕ್ಕೊಂಡ್ರು. ನನ್ನ ಮಗಳು, ಅಮ್ಮಾ ನೀನು ಏನು ಕದ್ದೆ ಅಂತ ಕೇಳಿದ್ಲು. ಆವಾಗ ನೀವು ಏನ್ ಮಾಡ್ತಿದ್ರಿ? ಇರುವೆ ಕಣ್ಣು ನೋಡ್ತಿದ್ರಾ?"

ನನ್ನ ಹತ್ತಿರ ಇದ್ದ ಉತ್ತರವೆಂದರೆ ನಾಚಿಕೆ. ಪತ್ತೇದಾರನೇ ಗುಟ್ಟು ಬಿಟ್ಟುಕೊಟ್ಟ ಎಂದು ಊರು ನಕ್ಕೀತೆಂಬ ಹೆದರಿಕೆ. ಟೈಗೆ ಚಪ್ಪಾಳೆ ಬೇಕಿತ್ತು. ನನಗೂ ಅದೇ ಬೇಕಿತ್ತು. ಅವನ ಮೇಲೆ ಅಷ್ಟು ಹೊತ್ತು ಕುದ್ದ ಸಿಟ್ಟು ತಿರುಗಿ ಬಂದು ನನ್ನ ಕೊರಳಪಟ್ಟಿ ಹಿಡಿಯಿತು.

"ಅಂಗಡೀಲಿ ಯಾರ್ಯಾರಿದ್ರು?" ಎಂದು ಮೀಸೆ ಕೇಳಿದ.

"ಎಲ್ರೂ ಗೊತ್ತಿರೋರೇ. ಒಬ್ಬನನ್ನ ಬಿಟ್ಟು."

"ಯಾರವನು?"

"ಎರಡನೇ ಕುರ್ಚೀಲಿ ಒರಗಿದ್ದ. ಮುಖದ ಮೇಲೆ ಬಿಸಿ ಟವೆಲ್ಲು. ಎಲ್ರೂ ನಕ್ರು, ಅವನು ನಗ್ಲಿಲ್ಲ. ನಾನು ಹೊರಡೋವಾಗ ಟವೆಲ್ಲಿನ ಒಳಗಿಂದಾನೇ ಒಂದು ಮಾತು ಕೇಳ್ದ. ‘ಆ ಫೋನು ಮನೇಲಿ ಎಲ್ಲಿಡ್ತಾರೆ?’ ಅಂತ."

"ನೀನು?"

"ಬೀದಿ ಕಿಟಕಿ ಹಲಗೆ ಮೇಲೆ ಅಂದೆ."

ಕನ್ನಡಕ ಕಣ್ಣು ಮುಚ್ಚಿಕೊಂಡಳು.

"ಮುಖ ನೋಡ್ಲಿಲ್ಲ. ಕೈ ನೋಡ್ದೆ," ಎಂದೆ ಆತುರಾತುರವಾಗಿ. "ಎಡಗೈ ಕುರ್ಚಿಯಿಂದ ಇಳಿಬಿದ್ದಿತ್ತು. ಬೆರಳ ತುದಿ ಜಡ್ಡುಗಟ್ಟಿತ್ತು, ಮೇಲೆ ಗೀರು. ಬಡಗಿ ಇರ್ಬೇಕು ಅಂದ್ಕೊಂಡೆ."

ದೊಡ್ಡಮ್ಮ ಎದ್ದಳು. ನರ್ಸಕ್ಕ ಹಿಡಿಯಲು ಹೋದರೆ ಬೇಡವೆಂದಳು. ನನ್ನ ದನಿ ಬಂದ ದಿಕ್ಕಿಗೆ ನಡೆದು ಬಂದು ತನ್ನ ಎಡಗೈಯನ್ನು ನನ್ನ ಅಂಗೈಯಲ್ಲಿ ಇಟ್ಟಳು. ಬೆರಳ ತುದಿಗಳು ಗಟ್ಟಿಯಾಗಿದ್ದವು. ಒಂದೊಂದರ ಮೇಲೂ ತಂತಿ ಒತ್ತಿ ಒತ್ತಿ ಬಿದ್ದ ಗೀರು.

"ಹೀಗಾ?"

"ಹೀಗೇ."

ಅವಳು ಮೇಜಿನ ಕಡೆ ತಡಕಿ ಕಮಾನನ್ನು ಕೈಗೆತ್ತಿಕೊಂಡಳು. ಅದನ್ನು ಉದ್ದಕ್ಕೂ ಸವರಿದಳು, ಒಂದು ಬೆನ್ನನ್ನು ಸವರುವ ಹಾಗೆ.

"ಒಂದೇ ಕೈಯವನಲ್ಲ ಅವನು," ಎಂದಳು. "ಅವನ ಹತ್ರ ಅವನದೇ ಕಮಾನಿದೆ. ಅದಕ್ಕೇ ಇದನ್ನ ನನಗೆ ಬಿಟ್ಟುಹೋದ. ನಾಟಕದ ಕಂಪನೀಲಿ ಇಬ್ಬರಿಗೆ ಸೇರಿ ಒಂದೇ ಪಿಟೀಲು ಇದ್ದ ಕಾಲದಲ್ಲೂ ಹೀಗೇ ಮಾಡ್ತಿದ್ದ."

"ಯಾರಮ್ಮಾ?" ಎಂದ ಮೀಸೆ.

ದೊಡ್ಡಮ್ಮ ನನ್ನ ಮುಂಗೈ ಹಿಡಿದಳು.

"ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಆ ಎಡಗೈ ಕಿರುಬೆರಳು ನೆಟ್ಟಗಿತ್ತಾ, ಸೊಟ್ಟಗಿತ್ತಾ? ಸೊಟ್ಟಗಿದ್ರೆ ಅವನೇ, ಮತ್ತೆ ಬರ್ತಾನೆ; ಈ ಮನೇಲಿ ನಾವ್ಯಾರೂ ಇವತ್ತು ಉಳಿಯಬಾರ್ದು."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನೆಟ್ಟಗಿತ್ತು ಎನ್ನಬಹುದಿತ್ತು. ಸೊಟ್ಟಗಿತ್ತು ಎಂದೂ ಎನ್ನಬಹುದಿತ್ತು. ಎಷ್ಟು ಸೊಟ್ಟ, ಯಾವ ಕಡೆಗೆ ಸೊಟ್ಟ, ಉಗುರಿನ ಬಣ್ಣ ಎಂಥದು ಎಂದು ಅರ್ಧ ಗಂಟೆ ವರ್ಣಿಸಬಹುದಿತ್ತು. ನರ್ಸಕ್ಕ ಇನ್ನೂ ನನ್ನ ಎದುರಿಗೇ ನಿಂತಿದ್ದಳು.

"ನೋಡ್ಲಿಲ್ಲ ದೊಡ್ಡಮ್ಮಾ," ಎಂದೆ. "ಎದುರಿಗೆ ಕನ್ನಡಿ ಇತ್ತು. ನಾನು ನನ್ನನ್ನೇ ನೋಡ್ಕೊಳ್ತಾ ಇದ್ದೆ."